ಕೊಯ್ಯುವ ಕೈಗೆ ಕಾಯುವ ಹೊಣೆ ಉಂಟೇ?

ಪಿರಿಯಾಪಟ್ಟಣ, ಹುಣಸೂರು ಕಡೆಯ ಹಳ್ಳಿಗಳಲ್ಲಿ ಹೊಲದಲ್ಲಿ ಹೊಗೆಸೊಪ್ಪೋ ರಾಗಿಯೋ ಏನೇ ಇರಲಿ, ಅನೇಕ ಮನೆಗಳ ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿಗಳು ಇರುತ್ತವೆ. ಅವುಗಳ ಆರೈಕೆ ಹೆಚ್ಚಾಗಿ ಹೆಂಗಸರದು. ಸಂತೆಯ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ, ಬಂದ ನೆಂಟರ ಊಟಕ್ಕೆ ಅವೇ ಆಧಾರ. ಈ ಸಣ್ಣ ಜೀವಿಯ ವಿಷಯದಲ್ಲಿ ದೊಡ್ಡದೊಂದು ನೈತಿಕ ಪ್ರಶ್ನೆ ಅಡಗಿದೆ.

ಕಾವಿಗೆ ಬಂದ ಹೇಟೆಯನ್ನು ಗಮನಿಸಿರಿ. ಹುಲ್ಲು ಹಾಸಿದ ಮಂಕರಿಯಲ್ಲಿ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕೂರಿಸಿದರೆ 21 ದಿನ ಅದಕ್ಕೆ ಬೇರೆ ಲೋಕವಿಲ್ಲ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು ಕಾಳು ತಿಂದು ನೀರು ಕುಡಿದು ಮತ್ತೆ ಓಡಿಬರುತ್ತದೆ. ಮೈ ಇಳಿದರೂ ಲೆಕ್ಕಿಸುವುದಿಲ್ಲ. ಎಲ್ಲ ಕಡೆಗೂ ಕಾವು ತಾಗಲೆಂದು ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಿರುತ್ತದೆ. ಮೊಟ್ಟೆ ತನ್ನದೋ ಪಕ್ಕದ ಮನೆಯದೋ ಎಂದು ಕೇಳುವುದಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಗಿರಿರಾಜ ತಳಿಯ ಮೊಟ್ಟೆಯಿಟ್ಟರೂ ಅದೇ ನಿಷ್ಠೆಯಿಂದ ಮರಿ ಮಾಡುತ್ತದೆ.

ಮರಿಗಳು ಹೊರಬಂದ ಮೇಲೆ ಮನುಷ್ಯನ ಕೆಲಸವೂ ಸೇರುತ್ತದೆ. ಎಳೆಯ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಆಮೇಲೆ ವಾರವಾರಕ್ಕೂ ಸ್ವಲ್ಪ ಸ್ವಲ್ಪವೇ ಕಡಿಮೆಯಾದರೆ ಸಾಕು. ಫಾರಂಗಳಲ್ಲಿ ಇದಕ್ಕಾಗಿ ವಿದ್ಯುತ್ ಬಲ್ಬು ಉರಿಸುತ್ತಾರೆ. ಹಳ್ಳಿಯಲ್ಲಿ ತಾಯಿಯ ರೆಕ್ಕೆಯೇ ಬಲ್ಬು. ಕರೆಂಟು ಹೋದರೂ ಅದು ಆರುವುದಿಲ್ಲ. ಕೊಡಗಿನ ಕಡೆಯಿಂದ ಜಡಿಮಳೆ ಬೀಸುವ ಆಷಾಢದಲ್ಲಿ ಒದ್ದೆಯಾದ ಮರಿ ಉಳಿಯುವುದು ಕಷ್ಟ. ಆದುದರಿಂದ ತಾಯಿ ಮರಿಗಳನ್ನು ಒಣಗಿದ ಮೂಲೆಯಲ್ಲಿ ಬುಟ್ಟಿ ಕವಿಚಿ ಇಡಬೇಕು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಂತೆ ಕಲ್ಲು ಹಾಕಬೇಕು. ನುಚ್ಚು ಚೆಲ್ಲಬೇಕು. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸಬೇಕು. ಹಗಲಿಗೆ ಹದ್ದು, ಕಾಗೆ. ಇರುಳಿಗೆ ಬೆಕ್ಕು, ಹೆಗ್ಗಣ. ಎಲ್ಲದರ ಮೇಲೂ ಕಣ್ಣಿರಬೇಕು.

ಮದ್ರಸದಲ್ಲಿ ಪ್ರಾಣಿದಯೆಯ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗ ಕೇಳಿದ: "ಹಜ್ರತ್, ಆರು ತಿಂಗಳಾದ ಮೇಲೆ ಕೊಯ್ಯುವ ಕೋಳಿಯನ್ನು ಇವತ್ತು ಇಷ್ಟು ಜೋಪಾನ ಮಾಡುವುದು ಕರುಣೆಯೋ, ವ್ಯಾಪಾರವೋ?" ಈ ಪ್ರಶ್ನೆಯನ್ನು ಗದರಿಸಿ ಕೂರಿಸುವುದು ಸುಲಭ. ಆದರೆ ನಾವು ಪ್ರಾಮಾಣಿಕರಾಗಿದ್ದರೆ ಇದಕ್ಕೆ ಉತ್ತರ ಹುಡುಕಲೇಬೇಕು.

ಎರಡು ಸುಲಭದ ಉತ್ತರಗಳಿವೆ. ತಿನ್ನುವುದೇ ಕ್ರೌರ್ಯ, ಆದುದರಿಂದ ಈ ಕರುಣೆ ಬರೀ ನಟನೆ ಎನ್ನುವುದು ಒಂದು. ತಿನ್ನಲು ಅನುಮತಿ ಇದೆ, ಆದುದರಿಂದ ಉಳಿದುದನ್ನು ಕೇಳಬೇಕಾಗಿಲ್ಲ ಎನ್ನುವುದು ಇನ್ನೊಂದು. ನಮ್ಮಲ್ಲಿ ಬಹಳ ಜನ ನೆಮ್ಮದಿಯಾಗಿರುವುದು ಎರಡನೆಯ ಉತ್ತರದಲ್ಲಿ. ಆದರೆ ಪ್ರವಾದಿ(ಸ)ರ ಬೋಧನೆ ಅಲ್ಲಿಗೆ ನಿಲ್ಲುವುದಿಲ್ಲ. ಝಬಹ್ ಮಾಡುವಾಗಲೂ ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ನೀಡಬೇಕೆಂದು ಅವರು ಕಲಿಸಿದರು. ಪ್ರಯಾಣದಲ್ಲಿ ಸಂಗಾತಿಗಳು ಹಕ್ಕಿಯೊಂದರ ಮರಿಗಳನ್ನು ಎತ್ತಿಕೊಂಡು ಬಂದಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಸುತ್ತಿತು. ಮರಿಗಳನ್ನು ಕೂಡಲೇ ತಾಯಿಗೆ ಹಿಂದಿರುಗಿಸುವಂತೆ ಅವರು ಆಜ್ಞಾಪಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಪ್ರಾಣಿ ಕೊನೆಗೆ ಏನಾಗುವುದು ಎಂಬುದು ಅದರ ಇಂದಿನ ಹಕ್ಕನ್ನು ಅಳಿಸುವುದಿಲ್ಲ. ಸಾವು ನಮಗೂ ನಿಶ್ಚಿತ. ನಾಳೆ ಸಾಯುವವನೆಂದು ಇಂದು ರೋಗಿಯ ಹೊದಿಕೆಯನ್ನು ಯಾರಾದರೂ ಕಿತ್ತುಕೊಳ್ಳುವರೇ?

ಹೇಟೆಯದು ಬರೀ ಸಹಜ ಪ್ರವೃತ್ತಿ, ಅದರಲ್ಲಿ ಕಲಿಯುವುದೇನಿದೆ ಎಂದು ಕೆಲವರು ಕೇಳಬಹುದು. ಮಾತು ನಿಜ. ಕಾವಿಗೆ ಬಂದಾಗ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಮರಿಗಳು ಬೆಳೆದ ಮೇಲೆ ಅದೇ ತಾಯಿ ಅವನ್ನು ಕುಕ್ಕಿ ಓಡಿಸುತ್ತದೆ. ಅಲ್ಲಾಹನು ತನ್ನ ಕರುಣೆಯ ನೂರು ಭಾಗಗಳಲ್ಲಿ ಒಂದನ್ನು ಭೂಮಿಗಿಳಿಸಿದನೆಂದೂ, ಮರಿಗೆ ತಾಗದಂತೆ ಪ್ರಾಣಿ ಗೊರಸೆತ್ತುವುದು ಆ ಒಂದು ಭಾಗದಿಂದಲೇ ಎಂದೂ ಹದೀಸಿನಲ್ಲಿ ಬಂದಿದೆ. ಹಾರ್ಮೋನು ಆ ಕರುಣೆ ಹರಿಯುವ ಕಾಲುವೆಯಾಗಿರಬಹುದು. ಆದರೆ ಕೋಳಿಗೆ ಅಳೆದು ಕೊಟ್ಟದ್ದನ್ನು ಮನುಷ್ಯನ ಆಯ್ಕೆಗೆ ಬಿಡಲಾಗಿದೆ. ಬುಟ್ಟಿ ಕವಿಚದೆ ಮಲಗುವ ಸ್ವಾತಂತ್ರ್ಯ ನಮಗಿದೆ. ಆದುದರಿಂದಲೇ ವಿಚಾರಣೆಯೂ ನಮಗೇ ಇದೆ.

ಹಾಗಾದರೆ ಕರುಣೆ ಮತ್ತು ವ್ಯಾಪಾರವನ್ನು ಬೇರ್ಪಡಿಸುವುದು ಹೇಗೆ? ಲಾಭ ಮುಗಿಯುವ ಜಾಗದಲ್ಲಿ ನಿಂತು ನೋಡಬೇಕು. ಹದಿಮೂರನೆಯ ಶತಮಾನದ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುದಿಯಾಗಿ, ರೋಗ ಬಂದು ಪ್ರಯೋಜನಕ್ಕೆ ಬಾರದಿದ್ದರೂ ಅದಕ್ಕೆ ಮೇವು ಕೊಡಬೇಕು. ಅದಕ್ಕೆ ಗಾಯ ಮಾಡುವ ಪ್ರಾಣಿಯೊಡನೆ ಕೂಡಿಹಾಕಬಾರದು. ಅದರ ಕಣ್ಣೆದುರು ಮರಿಯನ್ನು ಕೊಯ್ಯಬಾರದು ಎಂಬಿವೆಲ್ಲ ಅದರಲ್ಲಿ ಸೇರಿವೆ. ಹತ್ತು ಮರಿಗಳಲ್ಲಿ ಒಂದು ಕುಂಟಾಗಿದ್ದರೆ, ತಾಯಿಯ ಹಿಂದೆ ಓಡಲಾರದೆ ಹಿಂದುಳಿದರೆ, ಮನೆಯಾಕೆ ಅದನ್ನು ಸೆರಗಿನಲ್ಲಿಟ್ಟು ಬೆಚ್ಚಗೆ ಮಾಡಿ ರೆಕ್ಕೆಯಡಿ ಬಿಡುತ್ತಾಳಲ್ಲ, ಅದರಿಂದ ಆಕೆಗೆ ಬರುವ ಲಾಭ ಏನೂ ಇಲ್ಲ. ಆ ಹುಡುಗನಿಗೆ ನಾನು ತೋರಿಸಿದ್ದು ಇದನ್ನೇ. ಉಳಿದ ಒಂಬತ್ತರಲ್ಲಿ ಕರುಣೆ ಮತ್ತು ಲಾಭ ಬೆರೆತಿರಬಹುದು. ಆದರೆ ಹತ್ತನೆಯದರಲ್ಲಿ ಬೆರಕೆಯಿಲ್ಲ.

ಇದೇ ಅಳತೆಯನ್ನು ಪೇಟೆಗೂ ಹಿಡಿಯಬೇಕು. ಮೊಟ್ಟೆಗಾಗಿಯೇ ಬೆಳೆಸುವ ತಳಿಗಳಲ್ಲಿ ಗಂಡುಮರಿ ಲಾಭವಿಲ್ಲದ್ದು. ಆದುದರಿಂದ ಜಗತ್ತಿನ ಹ್ಯಾಚರಿಗಳಲ್ಲಿ ಪ್ರತಿ ವರ್ಷವೂ ಕೋಟಿಗಟ್ಟಲೆ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. ತಿನ್ನಲಿಕ್ಕೂ ಅಲ್ಲ, ರೋಗಕ್ಕೂ ಅಲ್ಲ. ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೇ. ಜರ್ಮನಿ 2022ರಿಂದ ಇದನ್ನು ಕಾನೂನಿನಿಂದ ನಿಷೇಧಿಸಿದೆ. ಹಲಾಲ್ ಎಂದರೆ ಕೊನೆಯ ಕ್ಷಣದ ಚೂರಿ ಮಾತ್ರವೆಂದು ತಿಳಿದವರು ಯೋಚಿಸಬೇಕಾದ ಸಂಗತಿ ಇದು. ಅಂಗಡಿಯಿಂದ ಮೊಟ್ಟೆ ತರುವ ನಾವೆಲ್ಲರೂ ಆ ಲೆಕ್ಕದಲ್ಲಿ ಸ್ವಲ್ಪಮಟ್ಟಿಗೆ ಪಾಲುದಾರರೇ. ಇದಕ್ಕೆ ಸುಲಭದ ಪರಿಹಾರ ನನ್ನಲ್ಲಿಲ್ಲ. ಆದರೆ ಕೇಳುವುದನ್ನು ಬಿಟ್ಟವನ ಹೃದಯ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತದೆ.

ಸಹೋದರ ಸಹೋದರಿಯರೇ, ಪ್ರಾಣಿಗಳು ನಮ್ಮ ಸೊತ್ತಲ್ಲ, ನಮ್ಮ ವಶದಲ್ಲಿರುವ ಅಮಾನತ್ತು. ಬಳಸಲು ಅನುಮತಿ ಕೊಟ್ಟವನೇ ಹೇಗೆ ಬಳಸಿದಿರೆಂದೂ ಕೇಳುವವನು. ಮಕ್ಕಳಿಗೆ ಕರುಣೆಯ ಕುರಿತು ಉಪನ್ಯಾಸ ಕೊಡುವ ಬದಲು ಮಗ್ರಿಬ್‌ಗೆ ಮುಂಚೆ ಹಿತ್ತಲಿಗೆ ಕರೆದುಕೊಂಡು ಹೋಗಿರಿ. ಮರಿಗಳನ್ನು ಎಣಿಸಲು ಹೇಳಿರಿ. ಒಂದು ಕಡಿಮೆಯಿದ್ದರೆ ಹುಡುಕಿ ತರಲಿ. ಬುಟ್ಟಿ ಕವಿಚಿ, ಮೇಲೊಂದು ಕಲ್ಲಿಟ್ಟು ಬರಲಿ.