ತರುಣರ ನಿದ್ರೆ ಮತ್ತು ಹಿರಿಯರ ಹೊಣೆ

ಮನೆಯ ದೀಪಗಳೆಲ್ಲ ಆರಿದ ಮೇಲೆಯೂ ಹೊದಿಕೆಯೊಳಗೆ ಒಂದು ಸಣ್ಣ ಬೆಳಕು ಉಳಿದಿರುವುದು ಈ ಕಾಲದ ಗೃಹಗಳಲ್ಲಿ ಸಾಮಾನ್ಯವಾದ ನೋಟ. ಬೆಳಗ್ಗೆ ಮಗನೋ ಮಗಳೋ ಬಾಡಿದ ಮುಖದಿಂದ ಎದ್ದು ಸಣ್ಣ ಮಾತಿಗೂ ಸಿಡುಕಿದರೆ, ಈಗಿನವರಿಗೆ ಸಂಯಮವಿಲ್ಲವೆಂದು ಹಿರಿಯರು ಒಡನೆ ತೀರ್ಪು ಕೊಡುವರು. ಈ ತೀರ್ಪು ನ್ಯಾಯವಾದುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ದೇಹಧರ್ಮವನ್ನು ನೋಡತಕ್ಕದ್ದು. ೧೩ರಿಂದ ೧೮ ವರ್ಷದವರಿಗೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂಬುದು ವೈದ್ಯರ ಮತ. ಆದರೆ ಯೌವನಾರಂಭದಲ್ಲಿ, ನಿದ್ರೆಯ ವೇಳೆಯನ್ನು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ರಸವು ರಾತ್ರಿ ತಡವಾಗಿ ಸ್ರವಿಸುವುದು. ಶಾಲೆಯ ಗಂಟೆ ಮಾತ್ರ ತಡೆಯದು. ಹೀಗೆ ಮೊದಲೇ ಕಿರಿದಾದ ಇರುಳಿನಲ್ಲಿ ಕೈಯ ಫೋನು ತನ್ನ ಪಾಲನ್ನು ಕೇಳುವುದು.

ಪುಸ್ತಕಕ್ಕೆ ಕೊನೆಯ ಪುಟವಿದೆ, ನಾಟಕಕ್ಕೆ ಮಂಗಳವಿದೆ, ಹರಟೆಯ ಜಗಲಿಯಿಂದಲೂ ಜನರು ಎದ್ದು ಮನೆಗೆ ಹೋಗುವರು. ಸಾಮಾಜಿಕ ಜಾಲತಾಣಕ್ಕೆ ಮುಗಿವೆಂಬುದಿಲ್ಲ. ಎಷ್ಟು ಸರಿಸಿದರೂ ಇನ್ನಷ್ಟು ಒದಗಿಬರುವ ಏರ್ಪಾಡನ್ನು ೨೦೦೬ರಲ್ಲಿ ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಅವರೇ ಅನಂತರ ಅದಕ್ಕಾಗಿ ಪರಿತಾಪಪಟ್ಟರು. ನುರಿತ ವಯಸ್ಕರು ಕೂಡಿ ಹೂಡಿದ ಈ ಯುಕ್ತಿಯೆದುರು ನಡುರಾತ್ರಿಯಲ್ಲಿ ಒಂಟಿಯಾಗಿ ಹೋರಾಡುವ ಎಳೆಯ ಮನಸ್ಸು ಸೋತರೆ, ಅದನ್ನು ಚಾರಿತ್ರ್ಯದೋಷವೆಂದು ಹೇಗೆ ಕರೆಯುವುದು?

ನಿದ್ರೆಗೆಟ್ಟ ಮನಸ್ಸಿಗೆ ಪರರ ಹಬ್ಬವೇ ಕಾಣುವುದು, ತನ್ನ ಮನೆಯ ಬೆಳಕು ಕಾಣದು. ದಿನಕ್ಕೆ ೩ ಗಂಟೆಗೆ ಮೀರಿ ಇದರಲ್ಲಿ ತೊಡಗುವ ಬಾಲಕರಿಗೆ ಖಿನ್ನತೆ, ಆತಂಕಗಳಂತಹ ತೊಂದರೆಗಳ ಸಂಭವವು ಇಮ್ಮಡಿಯೆಂದು, ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಮೂಲದ ಡಾ. ವಿವೇಕ ಮೂರ್ತಿಯವರು ೨೦೨೩ರಲ್ಲಿ ಎಚ್ಚರಿಸಿದರು. ದುಃಖವೇ ಫೋನಿನ ಕಡೆಗೆ ದೂಡುವುದೂ ಉಂಟು. ಕಾರಣವಾವುದು ಕಾರ್ಯವಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ಸುತ್ತುವ ಚಕ್ರವನ್ನು ತಡೆಯಲು ಅದು ಎಲ್ಲಿ ಮೊದಲಾಯಿತೆಂದು ತಿಳಿಯಬೇಕಾಗಿಲ್ಲ.

ಆಸ್ಟ್ರೇಲಿಯವು ೧೬ ವರ್ಷ ತುಂಬದವರು ಇಂತಹ ತಾಣಗಳಲ್ಲಿ ಖಾತೆ ಹೊಂದದಂತೆ ವಿಧಿಸಿದ ಕಾನೂನು ೨೦೨೫ರ ಡಿಸೆಂಬರ್ ೧೦ರಂದು ಜಾರಿಗೆ ಬಂದಿತು. ಆದರೆ ಕಾನೂನು ಬಾಗಿಲವರೆಗೆ ಬರಬಲ್ಲದು, ಹಾಸಿಗೆಯವರೆಗೆ ಬರಲಾರದು. ಅಲ್ಲಿ ಬೇಕಾದುದು ಮನೆಯ ನಡತೆ. ಗೀತೆಯ ಆರನೆಯ ಅಧ್ಯಾಯವು ನಿದ್ರೆ ಎಚ್ಚರಗಳ ಮಿತಿಯನ್ನು ಯೋಗದೊಳಗೇ ಎಣಿಸಿದೆ. ಆ ಮಿತಿ ಕಿರಿಯರಿಗೆ ಮಾತ್ರ ಹೇಳಿದುದಲ್ಲ. ತಲೆದಿಂಬಿನ ಬಳಿ ಫೋನನ್ನು ಇರಿಸಿಕೊಂಡ ತಂದೆಯ ಉಪದೇಶವನ್ನು ಮಗನು ಹೇಗೆ ನಂಬಿಯಾನು?

ತರುಣರಿಗೆ ಹೊಣೆಯೇ ಇಲ್ಲವೆಂದಲ್ಲ. ಸಂಯಮವನ್ನು ಅವರು ಕಲಿಯಲೇಬೇಕು. ಆದರೆ ಕಲಿಯುವುದಕ್ಕೆ ಕಣ್ಣೆದುರು ಮಾದರಿ ಬೇಕು. ರಾತ್ರಿ ಊಟವಾದೊಡನೆ ಮನೆಯ ಫೋನುಗಳೆಲ್ಲವೂ ನಡುಮನೆಯ ಗೂಡನ್ನು ಸೇರಲಿ. ಮೊದಲು ಇಡುವ ಕೈ ಹಿರಿಯರದಾಗಲಿ.