ವ್ಯಾಸರ ಎಲೆಯಲ್ಲಿ ಉಂಡವರು

ವ್ಯಾಸೋಚ್ಛಿಷ್ಟಂ ಜಗತ್ಸರ್ವಂ. ಜಗತ್ತೆಲ್ಲ ವ್ಯಾಸರ ಎಂಜಲು. ಹರಿಕಥೆ ದಾಸರು ಹೇಳಿದಾಗ ಇದು ಭಕ್ತಿಯ ಮಾತು. ಕತೆ ಕದ್ದ ಆರೋಪ ಹೊತ್ತ ಸಿನಿಮಾ ನಿರ್ದೇಶಕ ಹೇಳಿದಾಗ ಇದೇ ಮಾತು ಜಾಮೀನು ಅರ್ಜಿ. "ಎಲ್ಲವನ್ನೂ ವ್ಯಾಸರು ಆಗಲೇ ಬರೆದಿಟ್ಟಿದ್ದಾರೆ ಬಿಡಿ ಸ್ವಾಮಿ" ಎಂದುಬಿಟ್ಟರೆ ಎದುರಿನವರು ಸುಮ್ಮನಾಗಬೇಕು, ಅಷ್ಟೆ.

ಎಂಜಲು ಮುಸುರೆಯ ವಿಷಯದಲ್ಲಿ ನಮ್ಮ ಮನೆಗಳು ಎಷ್ಟು ಬಿಗಿ ಎಂದು ನೆನೆದರೆ ಈ ಮಾತಿನ ಎದೆಗಾರಿಕೆ ಗೊತ್ತಾಗುತ್ತದೆ. ಲೋಟಕ್ಕೆ ತುಟಿ ತಾಗಿಸಿ ಕುಡಿದರೆ ಬೈಸಿಕೊಳ್ಳುತ್ತಿದ್ದ ಕಡೆ, ನಮ್ಮ ಕಾವ್ಯವೆಲ್ಲ ಒಬ್ಬ ಮುನಿ ಉಂಡು ಬಿಟ್ಟದ್ದು ಎಂದು ಯಾರೋ ಹೇಳಿದರು, ಉಳಿದವರು ತಲೆದೂಗಿದರು. ಪ್ರಸಾದ ಎನ್ನಬಹುದಿತ್ತು, ಬಳುವಳಿ ಎನ್ನಬಹುದಿತ್ತು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರೆ ಮುಗಿಯಿತು, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಎಂಜಲಿಗೆ ಹಾಗಲ್ಲ, ಅದು ಯಾರ ಎಂಜಲು ಎಂದು ಹೇಳಲೇಬೇಕು. ಈ ಮಾತಿನಲ್ಲಿ ಕ್ಷಮೆಯ ಜೊತೆಗೇ ಒಂದು ಚೂರು ನಾಚಿಕೆಯೂ ಇದೆ. ಜಾಮೀನು ಕೇಳುವವರು ಕ್ಷಮೆಯನ್ನು ಇಟ್ಟುಕೊಂಡು ನಾಚಿಕೆಯನ್ನು ಬಿಟ್ಟುಬಿಡುತ್ತಾರೆ.

ಹಾಗೆ ನೋಡಿದರೆ ವ್ಯಾಸರೂ ಪಂಕ್ತಿಯಲ್ಲಿ ಮೊದಲು ಕೂತವರಲ್ಲ. ಮಹಾಭಾರತದ ಒಳಗೆ ನಳನ ಕತೆಯನ್ನು ಧರ್ಮರಾಯನಿಗೆ ಹೇಳುವವನು ಬೃಹದಶ್ವ. ರಾಮನ ಕತೆ, ಸಾವಿತ್ರಿಯ ಕತೆ ಮಾರ್ಕಂಡೇಯನ ಬಾಯಿಂದ ಬರುತ್ತವೆ. ಇಡೀ ಗ್ರಂಥವೇ ಕೈಯಿಂದ ಕೈಗೆ ದಾಟಿದ್ದು: ಜನಮೇಜಯನ ಸರ್ಪಯಾಗದಲ್ಲಿ ವೈಶಂಪಾಯನ ಹೇಳಿದ್ದನ್ನು ಕೇಳಿಸಿಕೊಂಡ ಉಗ್ರಶ್ರವ ನೈಮಿಷಾರಣ್ಯದ ಋಷಿಗಳಿಗೆ ಹೇಳುತ್ತಾನೆ. ನಾನು ಇಂಥವರಿಂದ ಕೇಳಿದೆ ಎನ್ನದೆ ಅಲ್ಲಿ ಯಾರೂ ದೊಡ್ಡ ಕತೆಗೆ ಬಾಯಿ ತೆರೆಯುವುದಿಲ್ಲ.

ಈಗಿನ ಫ್ಯಾಂಟಸಿ ಕಾದಂಬರಿಗಳ ಲೋಕಕ್ಕೆ ಈ ಮಾತನ್ನು ಒಯ್ದು ನೋಡೋಣ. ಅಲ್ಲಂತೂ ಯಾವ ಎರಡು ಪುಸ್ತಕ ಕೈಗೆತ್ತಿಕೊಂಡರೂ ದಾಯಾದಿಗಳಂತೆ ಕಾಣುತ್ತವೆ. ಕನ್ನಡಕ ಹಾಕಿದ ಕಪ್ಪು ಕೂದಲಿನ ಇಂಗ್ಲಿಷ್ ಹುಡುಗ, ಅವನಿಗೊಂದು ಗೂಬೆ, ನೀನು ದೊಡ್ಡ ಮಾಂತ್ರಿಕನಾಗಬಲ್ಲೆ ಎಂದು ಬಂದು ಹೇಳುವ ಹಿರಿಯರು. ಹ್ಯಾರಿ ಪಾಟರ್ ಎನ್ನುತ್ತೀರಿ. ನೀಲ್ ಗೈಮನ್ ಬರೆದ 'ದಿ ಬುಕ್ಸ್ ಆಫ್ ಮ್ಯಾಜಿಕ್' ಎಂಬ ಕಾಮಿಕ್ಸ್‌ನ ಟಿಮ್ ಹಂಟರ್ ಕೂಡ ಹೀಗೆಯೇ ಇದ್ದಾನೆ. ಅದು ಬಂದದ್ದು 1990ರಲ್ಲಿ, ಮೊದಲ ಹ್ಯಾರಿ ಪಾಟರ್ 1997ರಲ್ಲಿ. ಪತ್ರಕರ್ತರು ಕಳ್ಳತನದ ವಾಸನೆ ಹಿಡಿದು ಬಂದಾಗ ಗೈಮನ್ ಒಪ್ಪಲಿಲ್ಲ. ನಾವಿಬ್ಬರೂ ಟಿ. ಎಚ್. ವೈಟ್‌ನಿಂದ ತೆಗೆದುಕೊಂಡವರು ಎಂಬುದು ಅವರ ನಿಲುವು. ವೈಟ್‌ನ 'ದಿ ಸ್ವೋರ್ಡ್ ಇನ್ ದ ಸ್ಟೋನ್' 1938ರದು. ಅದರಲ್ಲಿ ಮುಂದೆ ಆರ್ಥರ್ ದೊರೆಯಾಗುವ ಹುಡುಗನಿಗೆ ಮೆರ್ಲಿನ್ ಪಾಠ ಹೇಳುತ್ತಾನೆ, ಮೆರ್ಲಿನ್‌ನ ಬಳಿ ಮಾತಾಡುವ ಗೂಬೆಯಿದೆ. ವೈಟ್‌ಗೆ ಆ ಕತೆ ಸಿಕ್ಕಿದ್ದು ಮಧ್ಯಯುಗದವರಿಂದ.

ಮಾಂತ್ರಿಕರ ಶಾಲೆಯ ವಿಷಯದಲ್ಲಿ ಇನ್ನೊಬ್ಬರ ಹೆಸರು ಬರುತ್ತದೆ. ಉರ್ಸುಲಾ ಲೆ ಗ್ವಿನ್ 1968ರಲ್ಲೇ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕಾದಂಬರಿಯಲ್ಲಿ ರೋಕ್ ಎಂಬ ದ್ವೀಪದಲ್ಲಿ ಅಂಥ ಶಾಲೆ ಕಟ್ಟಿದ್ದರು. ಹ್ಯಾರಿ ಪಾಟರ್ ಬರೆದ ರೌಲಿಂಗ್ ನನ್ನಿಂದ ಕದ್ದರು ಎಂದು ಅವರು ಹೇಳಲಿಲ್ಲ. ಹಿಂದಿನವರ ಬಗ್ಗೆ ಆಕೆ ಇನ್ನೂ ಸ್ವಲ್ಪ ಉದಾರವಾಗಿ ಮಾತಾಡಬಹುದಿತ್ತು ಎಂದರು. ವ್ಯಾಸರ ಎಂಜಲಿನ ಮಾತು ಗೊತ್ತಿಲ್ಲದೆಯೇ ಅದರ ಸರಿಯಾದ ಅರ್ಥಕ್ಕೆ ಬಂದವರು ಇವರು. ಇದರ ಎದುರು ತುದಿಯಲ್ಲಿ ಒಬ್ಬ ಅಮೆರಿಕನ್ ಲೇಖಕಿ, ನನ್ನ ಪದಗಳನ್ನೂ ಪಾತ್ರಗಳನ್ನೂ ರೌಲಿಂಗ್ ಕದ್ದಿದ್ದಾರೆ ಎಂದು ವಾದಿಸಿದರು. 2002ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಆಕೆ ತಂದ ಸಾಕ್ಷ್ಯಗಳಲ್ಲಿ ಕೆಲವು ಸೃಷ್ಟಿಸಿದವು ಎಂದು ಕಂಡು 50,000 ಡಾಲರ್ ದಂಡ ಹಾಕಿತು. ಕಳ್ಳತನವನ್ನು ಹುಡುಕುವ ಚಟವೂ ಒಮ್ಮೊಮ್ಮೆ ಹೀಗೆ ಹಾದಿ ತಪ್ಪುತ್ತದೆ.

ಟೋಲ್ಕಿನ್ ವಿಷಯ ಇನ್ನೂ ಸೊಗಸು. 1937ರ 'ಹಾಬಿಟ್'ನಲ್ಲಿ ಬರುವ ಕುಳ್ಳರ ಹೆಸರುಗಳಲ್ಲಿ ಬಹುಪಾಲು ಐಸ್‌ಲ್ಯಾಂಡಿನ ಹಳೆಯ ಕಾವ್ಯ ವೊಲುಸ್ಪಾದ ಪಟ್ಟಿಯಿಂದ ನೇರವಾಗಿ ಎತ್ತಿದ್ದು. ಗ್ಯಾಂಡಾಲ್ಫ್ ಕೂಡ ಅಲ್ಲೊಬ್ಬ ಕುಳ್ಳನ ಹೆಸರೇ. ನಿದ್ದೆಹೋದ ಡ್ರ್ಯಾಗನ್ನಿನ ನಿಧಿಯಿಂದ ಒಂದು ಬಟ್ಟಲು ಕದಿಯುವ ಪ್ರಸಂಗ ಹಳೆಯ ಇಂಗ್ಲಿಷ್ ಕಾವ್ಯ ಬೇವುಲ್ಫ್ ಓದಿದವರಿಗೆ ಹೊಸದಲ್ಲ. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಅದನ್ನೇ ಪಾಠ ಮಾಡುತ್ತಿದ್ದ ಮೇಷ್ಟ್ರು. ಆದರೆ ಹಾಬಿಟ್ಟರು ಅವರ ಸ್ವಂತ ಸೃಷ್ಟಿ. ಮುಂದೆ 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಬಂದಾಗ ಅದರಲ್ಲಿ ಹಾಬಿಟ್ಟರು ಕಾಣಿಸಿಕೊಂಡರು. ಟೋಲ್ಕಿನ್ ಕೃತಿಗಳ ಹಕ್ಕುದಾರರು ಆಕ್ಷೇಪ ಎತ್ತಿದರು. ಆಟದವರು ಹೆಸರನ್ನು ಹಾಫ್‌ಲಿಂಗ್ ಎಂದು ಬದಲಿಸಿಕೊಂಡು ಮುಂದೆ ನಡೆದರು. ಹಾಬಿಟ್ಟರನ್ನು ಹಾಫ್‌ಲಿಂಗ್ ಎಂದು ಕರೆದದ್ದೂ ಟೋಲ್ಕಿನ್ನೇ ಎಂಬುದು ಇಲ್ಲಿಯ ತಮಾಷೆ. ಟೆರಿ ಬ್ರೂಕ್ಸ್ 1977ರಲ್ಲಿ ಬರೆದ 'ದಿ ಸ್ವೋರ್ಡ್ ಆಫ್ ಶನಾರಾ' ಹಳ್ಳಿಯ ಹುಡುಗನಿಂದ ಕತ್ತಲ ದೊರೆಯವರೆಗೆ 'ಲಾರ್ಡ್ ಆಫ್ ದ ರಿಂಗ್ಸ್'ನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಯುತ್ತದೆ. ಭರ್ಜರಿಯಾಗಿ ಮಾರಾಟವಾಯಿತು, ಯಾರೂ ಜೈಲಿಗೆ ಹೋಗಲಿಲ್ಲ. ನನಗೆ ಅದು ಬರೀ ಎಲೆ ನೆಕ್ಕಿದ ಪುಸ್ತಕ.

ಎಲೆ ನೆಕ್ಕುವುದಕ್ಕೂ ಉಣ್ಣುವುದಕ್ಕೂ ಇರುವ ವ್ಯತ್ಯಾಸಕ್ಕೆ ಶಬರಿಯನ್ನು ಕೇಳಬೇಕು. ಆಕೆ ಕಚ್ಚಿ ನೋಡಿ, ಸಿಹಿಯಾದದ್ದನ್ನು ಮಾತ್ರ ಆರಿಸಿ ರಾಮನಿಗೆ ಕೊಟ್ಟಳು. ಆ ಎಂಜಲಿನಲ್ಲಿ ಆಯ್ಕೆಯಿದೆ, ನಾಲಿಗೆಯಿದೆ. ಅಂದಹಾಗೆ, ಶಬರಿ ಹಣ್ಣು ಕಚ್ಚಿ ನೋಡಿದ್ದು ವಾಲ್ಮೀಕಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿ ಆಕೆ ಕಾಡಿನ ಹಣ್ಣುಹಂಪಲನ್ನು ಕೂಡಿಟ್ಟು ಸತ್ಕರಿಸುತ್ತಾಳೆ, ಅಷ್ಟೇ. ಎಂಜಲಿನ ಕತೆಯನ್ನು ಸೇರಿಸಿದವರು ಆಮೇಲೆ ಬಂದವರು, ಈಗ ಅದಿಲ್ಲದ ರಾಮಾಯಣವನ್ನು ನಮ್ಮ ಅಜ್ಜಿಯರು ಒಪ್ಪುವುದಿಲ್ಲ.

ಇಂಥ ನಾಲಿಗೆಗೆ ನಮ್ಮ ಕಾಲದ ಒಳ್ಳೆಯ ಉದಾಹರಣೆ 'ಹಯವದನ' ನಾಟಕ. ಬೇತಾಳ ಹೇಳಿದ ತಲೆ ಅದಲುಬದಲಾದವರ ಕತೆ 11ನೇ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ದೇವಿಯ ಗುಡಿಯಲ್ಲಿ ಗಂಡನೂ ಅಣ್ಣನೂ ತಲೆ ಕಡಿದುಕೊಂಡಿದ್ದಾರೆ. ವರ ಪಡೆದ ಹೆಣ್ಣು ಗಡಿಬಿಡಿಯಲ್ಲಿ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಜೋಡಿಸುತ್ತಾಳೆ. ಗಂಡ ಯಾರು? ತಲೆ ಯಾರದೋ ಅವನೇ, ಅಂಗಗಳಲ್ಲಿ ತಲೆಯೇ ಮುಖ್ಯ ಎಂದು ದೊರೆ ಉತ್ತರಿಸುತ್ತಾನೆ. ಬೇತಾಳ ಮರಕ್ಕೆ ಹಾರುತ್ತದೆ. ಅಣ್ಣನ ಬದಲು ಸ್ನೇಹಿತನಿರುವ ಪಾಠವೂ ಇದೆ. ಜರ್ಮನಿಯ ಥಾಮಸ್ ಮನ್ ಭಾರತೀಯ ವಿದ್ಯೆಗಳ ಪಂಡಿತ ಹೈನ್‌ರಿಖ್ ಝಿಮ್ಮರ್‌ನ ಬರಹದ ಮೂಲಕ ಈ ಕತೆ ಹಿಡಿದು 1940ರಲ್ಲಿ ಒಂದು ಕಿರುಕಾದಂಬರಿ ಬರೆದರು. ದೊರೆಯ ಉತ್ತರ ಅವರಿಗೆ ಸಾಲಲಿಲ್ಲ. ದಿನ ಕಳೆದಂತೆ ದೇಹ ತಲೆಯ ಮಾತು ಕೇಳಿ ಬದಲಾಗತೊಡಗಿದರೆ ಏನು ಗತಿ ಎಂದು ಮುಂದುವರಿಸಿದರು. ಗಿರೀಶ ಕಾರ್ನಾಡರು 1971ರಲ್ಲಿ ಅಲ್ಲಿಂದ ಎತ್ತಿಕೊಂಡರು. ದೇಹ ಬದಲಾಗುವ ಆ ಬೆಳವಣಿಗೆಯೂ, ಕೊನೆಯ ಕಾಳಗವೂ ಮನ್‌ ಕಡೆಯಿಂದ ಬಂದದ್ದೇ. ಕಾರ್ನಾಡರು ಅದನ್ನು ಮುಚ್ಚಿಡಲಿಲ್ಲ, ಬೇತಾಳನ ಹೆಸರನ್ನೂ ಮನ್ ಹೆಸರನ್ನೂ ಹೇಳಿದರು. ಅವರು ಸೇರಿಸಿದ್ದು ಆಕಳಿಸುತ್ತ ಏಳುವ ಕಾಳಿ, ಕುದುರೆ ತಲೆಯ ಹಯವದನ, ಯಕ್ಷಗಾನದ ಭಾಗವತ. ಎಲ್ಲಕ್ಕಿಂತ ಮೊದಲು ಗಣಪತಿಯ ಪೂಜೆ. ನಾಟಕದ ಆರಂಭಕ್ಕೆ ಗಣಪತಿ ಪೂಜೆ ಹಳೆಯ ರೂಢಿ. ಆದರೆ ಮನುಷ್ಯನ ಮೈಗೆ ಆನೆಯ ತಲೆ ಹೊತ್ತ ದೇವರೇ ಈ ನಾಟಕದ ಬಾಗಿಲಲ್ಲಿ ಕೂತಿದ್ದಾನೆ ಎಂಬುದನ್ನು ಕಾಣಲು ಕಾರ್ನಾಡರೇ ಬೇಕಾಯಿತು. ಪೂರ್ಣತೆ ಎಂದರೇನು ಎಂಬ ಪ್ರಶ್ನೆ ಮನ್‌ಗೂ ಬೇತಾಳಕ್ಕೂ ಈ ರೂಪದಲ್ಲಿ ಹೊಳೆದಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟು ಕೂಡ ಸುಮಾರು ಇದೇ ದಾರಿ ಹಿಡಿದಿದೆ. 'ಹಮ್ ಹಿಂದೂಸ್ತಾನಿ' ನಾಟಕದ ಲೇಖಕ ಆರ್. ಜಿ. ಆನಂದ್ ಅವರು, 1956ರ 'ನ್ಯೂ ಡೆಲ್ಲಿ' ಚಿತ್ರ ತಮ್ಮ ನಾಟಕದ ನಕಲು ಎಂದು ದಾವೆ ಹೂಡಿ, 1978ರಲ್ಲಿ ಸೋತರು. ವಿಚಾರಕ್ಕೆ, ವಸ್ತುವಿಗೆ, ಕಥಾಹಂದರಕ್ಕೆ, ಐತಿಹ್ಯಕ್ಕೆ ಕೃತಿಸ್ವಾಮ್ಯವಿಲ್ಲ. ಅದನ್ನು ಹೇಳಿದ ರೀತಿಗೆ ಇದೆ. ಎರಡನ್ನೂ ನೋಡಿದವರಿಗೆ ಇದು ಅದರದೇ ನಕಲು ಎಂದು ಖಂಡಿತವಾಗಿ ಅನ್ನಿಸಬೇಕು. ಕಾನೂನು ಇಷ್ಟಕ್ಕೆ ನಿಲ್ಲುತ್ತದೆ. ಹೆಸರು ಹೇಳದೆ ತೆಗೆದುಕೊಂಡ ವಿಚಾರಕ್ಕೆ ಅದು ದಂಡ ಹಾಕುವುದಿಲ್ಲ, ಹಾಕಲೂ ಬಾರದು.

ಹೆಸರು ಹೇಳುವ ಆ ಕೆಲಸವನ್ನು ಹಿಂದಿನ ಕವಿಗಳು ತಾವೇ ಮಾಡಿಕೊಳ್ಳುತ್ತಿದ್ದರು. ಪಂಪ ಅರ್ಜುನನನ್ನು ನಾಯಕ ಮಾಡಿ, ದ್ರೌಪದಿಯನ್ನು ಅವನೊಬ್ಬನ ಹೆಂಡತಿಯಾಗಿಸಿ, ತನ್ನ ದೊರೆ ಅರಿಕೇಸರಿಯನ್ನು ಅವನಲ್ಲಿ ಕೂರಿಸಿ ಭಾರತವನ್ನೇ ತಿರುಗಿಸಿದವನು. ಆದರೂ ವ್ಯಾಸರ ಸಮುದ್ರವನ್ನು ಈಜಲು ಹೊರಟಿದ್ದೇನೆ, ನಾನೇ ವ್ಯಾಸ ಎಂಬ ಗರ್ವ ನನಗಿಲ್ಲ ಎಂದು ಮೊದಲೇ ಹೇಳಿಬಿಡುತ್ತಾನೆ. ದುರ್ಗಸಿಂಹ ತನ್ನ ಪಂಚತಂತ್ರಕ್ಕೆ ವಸುಭಾಗಭಟ್ಟನ ಹೆಸರು ಹೇಳುತ್ತಾನೆ. ಸೋಮದೇವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲ ಕವಿ ಗುಣಾಢ್ಯನನ್ನೇ ಪಾತ್ರವಾಗಿಸಿ ಅವನ ಕತೆಯಿಂದಲೇ ಪುಸ್ತಕ ಶುರು ಮಾಡುತ್ತಾನೆ. ಗುಣಾಢ್ಯ ಪೈಶಾಚೀ ಭಾಷೆಯಲ್ಲಿ ಬರೆದ ಬೃಹತ್ಕಥೆಯ ಒಂದು ಪ್ರತಿಯೂ ಇವತ್ತು ಇಲ್ಲ. ನಮ್ಮ ಗಂಗದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ, ಅದೂ ಸಿಕ್ಕಿಲ್ಲ. ಸೋಮದೇವ, ಕ್ಷೇಮೇಂದ್ರ, ಬುಧಸ್ವಾಮಿ ಅವನ ಎಲೆಯಲ್ಲಿ ಉಂಡದ್ದರಿಂದ ಗುಣಾಢ್ಯ ಏನು ಬಡಿಸಿದ್ದ ಎಂಬುದು ನಮಗೆ ಇಷ್ಟಾದರೂ ಗೊತ್ತಿದೆ.