ಮುಟ್ಟುವ ಕೈ, ನಿಲ್ಲಿಸುವ ಕೈ

ಕುಲುಮೆಯ ಪವರ್ ಹ್ಯಾಮರ್ ಕಾದಿದೆ ಅನ್ನಿಸಿದರೆ ಮೊದಲು ಮುಟ್ಟಿ ನೋಡಬೇಕು. ಅಂಗೈಯನ್ನು ಸಿಲಿಂಡರಿನ ಹೊರಮೈ ಮೇಲೆ ಇಡಬೇಕು. ಸ್ವಲ್ಪ ಬಿಸಿ ಸಹಜವೇ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತೆ ಅನ್ನೋದು ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. 60 ಡಿಗ್ರಿ ಹತ್ತಿರ ಹೋದರೆ ಮಾತ್ರ ಅಂಗೈ ನಿಲ್ಲೋದಿಲ್ಲ. ಆಗ ಬಿಸಿ ಎಲ್ಲಿದೆ ಅಂತ ಕೈಯೇ ಹುಡುಕಿಕೊಂಡು ಹೋಗಬೇಕು. ಗಾಳಿ ಒತ್ತುವ ಸಿಲಿಂಡರ್ ಸುಡುತ್ತಿದ್ದರೆ ಎಣ್ಣೆಯ ಕೊಳವೆ ಕಟ್ಟಿದೆ, ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಧೂಳು ಮೆತ್ತಿದೆ. ಸುತ್ತಿಗೆ ಇಳಿದು ಏರುವ ದಾರಿ ಸುಡುತ್ತಿದ್ದರೆ ಪ್ಯಾಕಿಂಗ್ ಅತಿಯಾಗಿ ಬಿಗಿದಿದೆ. ಕಾದ ಕಬ್ಬಿಣದಿಂದ ಉದುರುವ ಹಕ್ಕಳೆ ಎಣ್ಣೆಗೆ ಸೇರಿ ಉಜ್ಜುಕಾಗದದ ಹಾಗೆ ತಿಕ್ಕುತ್ತಿರಲೂಬಹುದು. ಬೇರಿಂಗ್ ಸುಟ್ಟರೆ ಬೆಲ್ಟಿನ ಬಿಗಿ ನೋಡಬೇಕು. ಮೋಟರ್ ಸುಟ್ಟರೆ ವೋಲ್ಟೇಜ್ ಬಿದ್ದಿದೆ ಅಥವಾ ಮೂರರಲ್ಲಿ ಒಂದು ಫೇಸ್ ಹೋಗಿದೆ. ಕಾದಷ್ಟೂ ಎಣ್ಣೆ ತೆಳುವಾಗುತ್ತೆ, ತೆಳುವಾದಷ್ಟೂ ಲೋಹಕ್ಕೆ ಲೋಹ ತಾಗಿ ಇನ್ನೂ ಕಾಯುತ್ತೆ. ಕೊನೆಗೆ ಒಳಗೋಡೆ ಗೀಚಿ ಹೋಗಿ ಸುತ್ತಿಗೆ ಕಚ್ಚಿಕೊಂಡು ನಿಲ್ಲುತ್ತೆ.

ಇಷ್ಟನ್ನೂ ಅಂಗೈಯಲ್ಲಿ ಓದಬಲ್ಲವನಿಗೆ ಶೆಡ್ಡಿನಲ್ಲಿ ಏನಂತಾರೆ? ‘ಹೆಲ್ಪರ್’ ಅಂತಾರೆ. ಇಲ್ಲವೇ ಬರೀ ‘ಹುಡುಗ’. ನಲವತ್ತು ದಾಟಿದರೂ ಹುಡುಗನೇ.

ಇದು ಮುಟ್ಟುವುದನ್ನೇ ಮೈಲಿಗೆ ಮಾಡಿದ ನಾಡು. ತೊಗಲು ಮುಟ್ಟಿದವನು ಊರ ಹೊರಗೆ, ಏನನ್ನೂ ಮುಟ್ಟದೆ ಮಂತ್ರ ಹೇಳಿದವನು ಒಳಗೆ, ಅದೂ ಜ್ಞಾನಿ ಅನ್ನಿಸಿಕೊಂಡು. ಎಷ್ಟೋ ಊರುಗಳಲ್ಲಿ ಕಮ್ಮಾರನ ತಿದಿಗೆ ಬೇಕಾದ ತೊಗಲು ಹದವಾದದ್ದು ನಮ್ಮ ಕೇರಿಗಳಲ್ಲಿ. ಆ ತಿದಿ ಉಸಿರಾಡಿದ್ದಕ್ಕೇ ಊರಿಗೆ ಗುಳ, ಕುಡುಗೋಲು ಸಿಕ್ಕಿದ್ದು. ಸುಗ್ಗಿಯಲ್ಲಿ ಆಯ ಅಳೆಯುವಾಗ ಮಾತ್ರ ನಮ್ಮೋರು ಕಣದ ಅಂಚಿನಲ್ಲಿ ನಿಂತಿರಬೇಕಿತ್ತು.

ಕೆಲವು ಗೆಳೆಯರು ಹೇಳುತ್ತಾರೆ: ಈ ಯಂತ್ರವೇ ಬೇಡ, ಸಮ್ಮಟಿ ಹೊಡೆಯುವವರ ಅನ್ನ ಕಸಿದದ್ದು ಅದೇ ಅಂತ. ನಾವು ಒಪ್ಪೋದಿಲ್ಲ. ಜೇಮ್ಸ್ ನ್ಯಾಸ್ಮಿತ್ ಇಂಗ್ಲೆಂಡಿನಲ್ಲಿ ಉಗಿಸುತ್ತಿಗೆಗೆ ಪೇಟೆಂಟ್ ಪಡೆದದ್ದು 1842ರಲ್ಲಿ. ಅದು ಬಂಡೆಯನ್ನೂ ಪುಡಿ ಮಾಡುತ್ತೆ, ಮೆತ್ತನೆ ಮರಕ್ಕೆ ಮೊಳೆಯನ್ನೂ ಮೆಲ್ಲಗೆ ಹೊಡೆಯುತ್ತೆ ಅಂತ ಮಾರ್ಕ್ಸ್ 1867ರ ‘ಬಂಡವಾಳ’ದಲ್ಲಿ ಬರೆದ. ಅದೇ ಅಧ್ಯಾಯದಲ್ಲಿ, ಇಂಥ ಯಂತ್ರಗಳು ಬಂದಾಗ ಕೂಲಿಗಳ ಗತಿ ಏನಾಯಿತು ಅಂತಲೂ ಬರೆದ. ಅಂಬೇಡ್ಕರ್ 1945ರಲ್ಲಿ ಗಾಂಧಿವಾದವನ್ನು ಎದುರಿಸುವಾಗ ಯಂತ್ರದ ಪರ ನಿಂತರು. ಪಶುವಿನಂತೆ ದುಡಿಯುವ ಮನುಷ್ಯನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು ಅನ್ನೋದು ಅವರ ವಾದ. ಸಮ್ಮಟಿ ಎತ್ತಿ ಎತ್ತಿ ಬೆನ್ನು ಮುರಿದುಕೊಂಡ ತಲೆಮಾರಿನ ಮಕ್ಕಳು ನಾವು. ಸಮ್ಮಟಿಗಾಗಿ ಅಳುವ ಭಾಗ್ಯ ನಮಗಿಲ್ಲ.

ಆದರೆ ಬಿಡುವು ಯಾರಿಗೆ ಸಿಕ್ಕಿತು? ಯಂತ್ರಕ್ಕೂ ಸಿಗಲಿಲ್ಲವಲ್ಲ! ಹುಡುಗ ಮುಟ್ಟಿ ನೋಡಿ, ‘ಸಾವ್ಕಾರ್ರೇ, ನಿಲ್ಲಿಸಬೇಕು’ ಅಂತಾನೆ. ‘ನಾಳೆ ಮಾಲು ಕೊಡ್ಬೇಕು ಕಣೋ, ಓಡ್ಸು’ ಅಂತಾರೆ ಅವರು. ಸಂಜೆ ಹ್ಯಾಮರ್ ಕಚ್ಚಿಕೊಂಡರೆ ಬರುವ ಪ್ರಶ್ನೆ ಒಂದೇ: ‘ಎಣ್ಣೆ ಹಾಕ್ದೋನು ಯಾವನು?’

ನಾವು ಕೇಳಬೇಕಾದ ನೀತಿಯ ಪ್ರಶ್ನೆ ಇಲ್ಲಿದೆ. ಗೊತ್ತಿದ್ದೂ ಓಡಿಸಿದನಲ್ಲ, ಅವನದೂ ತಪ್ಪಲ್ಲವೇ ಅಂತ ಓದಿದವರೂ ಕೇಳುತ್ತಾರೆ. ತಪ್ಪಲ್ಲ. ನಿಲ್ಲಿಸುವ ಹಕ್ಕು ಇಲ್ಲದ ಕೈಗೆ ಹೊಣೆ ಹೊರಿಸುವುದು ನ್ಯಾಯವಲ್ಲ. ಕರ್ಮ ಸಿದ್ಧಾಂತ ಮಾಡಿದ್ದೂ ಇದನ್ನೇ ಅಲ್ಲವೇ? ಹುಟ್ಟನ್ನು ನಾವು ಆರಿಸಿಕೊಳ್ಳಲಿಲ್ಲ, ಅದರ ಪಾಪವನ್ನು ಮಾತ್ರ ನಮ್ಮ ಲೆಕ್ಕಕ್ಕೆ ಬರೆದರು. ಜಾತಿ ಬರೀ ದುಡಿಮೆಯನ್ನು ಹಂಚಿದ್ದಲ್ಲ, ದುಡಿಯುವವರನ್ನೇ ಮೇಲೆ ಕೆಳಗೆ ಅಂತ ಒಡೆದದ್ದು ಅಂತ 1936ರಲ್ಲೇ ಅಂಬೇಡ್ಕರ್ ಹೇಳಿದರು. ತಿಳಿಯುವ ಕೆಲಸ ಒಬ್ಬನಿಗೆ, ತೀರ್ಮಾನ ಇನ್ನೊಬ್ಬನಿಗೆ ಅನ್ನೋದೂ ಆ ಒಡೆತವೇ.

ಕಾನೂನೂ ಇತ್ತ ಬರೋದಿಲ್ಲ. 1948ರ ಕಾರ್ಖಾನೆ ಕಾಯ್ದೆ, ಕರೆಂಟು ಬಳಸುವ ಕಡೆ 10 ಜನ ಕೂಲಿಗಳಿದ್ದರೆ ಅದು ಕಾರ್ಖಾನೆ ಅಂದಿತು. 2020ರ ಸಂಹಿತೆ ಆ 10ನ್ನು 20 ಮಾಡಿತು. ಒಂದೇ ಹ್ಯಾಮರ್ ಇರುವ ಶೆಡ್ಡಿನಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು.

ಕಾದ ಸಿಲಿಂಡರಿಗೆ ತಣ್ಣೀರು ಎರಚಬಾರದು, ಎರಕದ ಕಬ್ಬಿಣ ಸೀಳಿ ಬಿಡುತ್ತೆ. ತಾನಾಗಿ ಆರಲು ಬಿಟ್ಟು, ಆಮೇಲೆ ಕೊಳವೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ಬಿಡಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ. ತುಂಡಿಗಿಷ್ಟು ಅಂತ ಕೂಲಿ ಇರುವ ಕಡೆ ಆ ಹೊತ್ತು ಹೋಗುವುದು ಹುಡುಗನ ಹೊಟ್ಟೆಯಿಂದಲೇ. ಅವನು ಬಾಯಿ ಬಿಡದೆ ಓಡಿಸುವುದಕ್ಕೆ ಅದೂ ಒಂದು ಕಾರಣ. ಸಂಘಟನೆಯ ಗೆಳೆಯರು ಶೆಡ್ಡುಗಳಿಗೆ ಹೋದಾಗ ಬಾವುಟದ ಮಾತು ಆಮೇಲೆ ಆಡಲಿ. ಹ್ಯಾಮರ್ ಆರುವ ಹೊತ್ತಿಗೆ ಕೂಲಿ ಕೊಡುತ್ತಾರೋ ಹಿಡಿಯುತ್ತಾರೋ, ಸ್ವಿಚ್ಚು ಯಾರ ಕೈಗೆ ಎಟಕುವ ಹಾಗಿದೆ, ಇವೆರಡನ್ನು ಮೊದಲು ಕೇಳಿಕೊಂಡು ಬರಲಿ.